ಮ್ಯಾಂಚೆಸ್ಟರ್‌ನ ಫುಟ್ಬಾಲ್ ಮ್ಯೂಸಿಯಂ: ಮ್ಯಾಥ್ಯೂಸ್‌ಗಾಗಿಯಾದರೂ ಹೋಗಿ

ಮ್ಯಾಂಚೆಸ್ಟರ್‌ಗೆ ಹೋದರೆ ಅರ್ಬಿಸ್ ಕಟ್ಟಡದಲ್ಲಿರುವ ನ್ಯಾಷನಲ್ ಫುಟ್ಬಾಲ್ ಮ್ಯೂಸಿಯಂ ತಪ್ಪಿಸಬೇಡಿ. ವಿಕ್ಟೋರಿಯಾ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಮ್ಯಾಂಚೆಸ್ಟರ್ ಊರಿನ ಹೊರಗಿನವರಿಗೆ ಟಿಕೆಟ್ ಇದೆ, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಹಾಲ್ ಆಫ್ ಫೇಮ್ (ದಿಗ್ಗಜರನ್ನು ಗೌರವಿಸುವ ಪಟ್ಟಿ), ಅದರಲ್ಲೂ 2002ರ ಮೊದಲ ಪಟ್ಟಿಯಲ್ಲೇ ಸೇರಿದ ಇಂಗ್ಲೆಂಡ್ ಆಟಗಾರ ಸ್ಟ್ಯಾನ್ಲಿ ಮ್ಯಾಥ್ಯೂಸ್. 1932ರಲ್ಲಿ ಸ್ಟೋಕ್ ಸಿಟಿ ಕ್ಲಬ್‌ಗೆ ಆಡಲು ಶುರು ಮಾಡಿದವರು, ನಡುವೆ ಮಹಾಯುದ್ಧ ಬಂದು ಲೀಗೇ ನಿಂತುಹೋದರೂ ಬಿಡದೆ, ಬ್ಲ್ಯಾಕ್‌ಪೂಲ್ ಕ್ಲಬ್ ಸೇರಿ 1953ರಲ್ಲಿ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದು, 41ನೇ ವಯಸ್ಸಿನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಪ್ರಶಸ್ತಿಯನ್ನು ಮೊಟ್ಟಮೊದಲಿಗರಾಗಿ ಪಡೆದು, ಮತ್ತೆ ಸ್ಟೋಕ್‌ಗೇ ಬಂದು 1965ರಲ್ಲಿ, 50 ತುಂಬಿದ ಮೇಲೆ, ಕೊನೆಯ ಲೀಗ್ ಪಂದ್ಯ ಆಡಿದರು. ಅದೂ ವಿಂಗ್‌ನಲ್ಲಿ (ಮೈದಾನದ ಅಂಚಿನಲ್ಲಿ ಓಡುವ ಜಾಗ), ಡಿಫೆಂಡರ್‌ಗಳ ಒದೆ ತಿನ್ನುವ ಜಾಗದಲ್ಲಿ! ಸುಮ್ನೆ ಬರುವ ಮಾತಲ್ಲ, ಅಲ್ವಾ? ಮಕ್ಕಳಿದ್ದರೆ ಪೆನಾಲ್ಟಿ ಹೊಡೆಯುವ ಆಟವೂ ಇದೆ. ಅರ್ಧ ದಿನ ಇಟ್ಟುಕೊಂಡೇ ಹೋಗಿ.