ಕಗಪ ಕೀಲಿಮಣೆ: ನೋಡದೆ ಟೈಪಿಸುವ ಬೆರಳುಗಳಿಗೆ ಎಷ್ಟು ಒಗ್ಗುತ್ತದೆ?

ಕಗಪ, ಅಂದರೆ ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಕೀಲಿಮಣೆ ವಿನ್ಯಾಸದಲ್ಲಿ ‘ಕನ್ನಡ’ ಎಂದು ಮೂಡಿಸಲು ಐದು ಒತ್ತು ಸಾಕು: ಕೆ, ಎನ್, ಎಫ್, ಎನ್, ಡಬ್ಲ್ಯೂ. ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ಲಿಪ್ಯಂತರ ಮಾಡಿಸಿದರೆ ಏಳು ಬೇಕು. ಆದರೆ ಈ ಎರಡು ಒತ್ತಿನ ಉಳಿತಾಯ ದೊಡ್ಡದಲ್ಲ. ಇಲ್ಲಿ ಅದೇ ಕೀಲಿಗಳನ್ನು ಅದೇ ಕ್ರಮದಲ್ಲಿ ಒತ್ತಿದರೆ ಯಾವಾಗಲೂ ಒಂದೇ ಫಲ, ಅದೇ ದೊಡ್ಡದು. ಕೈಗೆ ರೂಢಿಯಾಗಬೇಕಾದ ಯಾವ ಸಾಧನಕ್ಕೂ ಇದೇ ಮೊದಲ ಪರೀಕ್ಷೆ, ಮತ್ತು ಕಗಪ ಇದರಲ್ಲಿ ಗೆಲ್ಲುತ್ತದೆ. ಉಳಿದ ಪರೀಕ್ಷೆಗಳಲ್ಲಿ ಪೂರ್ತಿ ಗೆಲ್ಲುವುದಿಲ್ಲ.

‘ಸೇಡಿಯಾಪು’ ತಂತ್ರಾಂಶ ಕೊಟ್ಟ ಕೆ.ಪಿ. ರಾವ್ ಅವರ ವಿನ್ಯಾಸ ಇದರ ಮೂಲ. ಅದನ್ನೇ ಅಲ್ಪಸ್ವಲ್ಪ ತಿದ್ದಿ ಕರ್ನಾಟಕ ಸರ್ಕಾರ ಮಾನಕವಾಗಿ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಅದು ಮನೆಮಾತಾಯಿತು. ಬೆಲೆ ಇಲ್ಲ. ನುಡಿಯಲ್ಲಿ ಯೂನಿಕೋಡ್ ಆಯ್ಕೆಯನ್ನೇ ಇಟ್ಟುಕೊಳ್ಳಿ. ಹಳೆಯ ಅಕ್ಷರಶೈಲಿಯ ಕಡತಗಳು ಬೇರೆ ಕಡೆ ತೆರೆದರೆ ಓದಲಾಗದ ಚಿಹ್ನೆಗಳಾಗುತ್ತವೆ.

ಹೊಸದಾಗಿ ಕಲಿಯುವಾಗ ‘ಡ ಎಲ್ಲಿದೆ?’ ಎಂಬ ಪ್ರಶ್ನೆಯನ್ನು ಮೆದುಳಿನ ಮುಂಭಾಗ ಪ್ರತಿ ಸಲ ಬಿಡಿಸುತ್ತದೆ. ಒಂದೊಂದು ಕೀಲಿಯೂ ಒಂದೊಂದು ತೀರ್ಮಾನ. ಅದೇ ಸರಣಿ ನೂರಾರು ಸಲ ಮರುಕಳಿಸಿದಾಗ ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಬಿಡಿ ಒತ್ತುಗಳನ್ನು ಒಂದು ಗೊಂಚಲಾಗಿ ಕಟ್ಟುತ್ತದೆ. ಬೆರಳು ಎಲ್ಲಿ ಬೀಳಬೇಕಿತ್ತು, ಎಲ್ಲಿ ಬಿತ್ತು ಎಂಬ ವ್ಯತ್ಯಾಸವನ್ನು ಕಿರುಮೆದುಳು ತಿದ್ದುತ್ತಾ ಹೋಗುತ್ತದೆ. ಎಂಐಟಿಯ ಆ್ಯನ್ ಗ್ರೇಬಿಯೆಲ್ ಅವರ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಲಿಗಳು ‘ಟಿ’ ಆಕಾರದ ಹಾದಿಯಲ್ಲಿ ಓಡುವುದನ್ನು ಕಲಿತವು. ಮೊದಮೊದಲು ಓಟದುದ್ದಕ್ಕೂ ಚುರುಕಾಗಿದ್ದ ಸ್ಟ್ರಯೇಟಮ್ಮಿನ ಕೋಶಗಳು, ದಾರಿ ರೂಢಿಯಾದ ಮೇಲೆ ಹೆಚ್ಚಾಗಿ ಆರಂಭ ಮತ್ತು ಅಂತ್ಯದಲ್ಲಿ ಮಿಡಿದವು. ನಡುವಿನದು ಒಂದೇ ಪೊಟ್ಟಣವಾಗಿತ್ತು. ಟೈಪಿಸುವ ಬೆರಳಿನಲ್ಲೂ ನಮಗೆ ಬೇಕಾದದ್ದು ಇಂಥ ಪೊಟ್ಟಣಗಳೇ. ಅವು ಕಟ್ಟಿಕೊಂಡ ಮೇಲೆ ‘ಯಾವ ಕೀಲಿ ಎಲ್ಲಿ’ ಎಂಬುದನ್ನು ಬಾಯಲ್ಲಿ ಹೇಳಲಾಗದಿದ್ದರೂ ಬೆರಳಿಗೆ ಗೊತ್ತಿರುತ್ತದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ನುರಿತ ಟೈಪಿಸ್ಟರಿಗೆ ಖಾಲಿ ಕೀಲಿಮಣೆಯ ಚಿತ್ರ ಕೊಟ್ಟು ತುಂಬಿಸಿ ಎಂದಾಗ 26 ಅಕ್ಷರಗಳಲ್ಲಿ ಸರಾಸರಿ 15ರಷ್ಟನ್ನು ಮಾತ್ರ ಸರಿಯಾದ ಜಾಗದಲ್ಲಿಟ್ಟರು.

ಪದಗಳ ಪಟ್ಟಿ ತೋರಿಸಿ ‘ಇದೇ ಬೇಕಾ?’ ಎಂದು ಕೇಳುವ ಲಿಪ್ಯಂತರ ಸಾಧನಗಳು ಎಡವುವುದು ಇಲ್ಲೇ. ಇವತ್ತು ಮೊದಲ ಸಾಲಿನಲ್ಲಿದ್ದ ಪದ ನಾಳೆ ಎರಡನೆಯದಾಗಬಹುದು. ಕಣ್ಣು ಪ್ರತಿ ಪದಕ್ಕೂ ಪಟ್ಟಿಗೆ ಹೋಗಲೇಬೇಕು. ಎರಡು ಸಾಲಿನ ಸಂದೇಶಕ್ಕೆ ಅಡ್ಡಿಯಿಲ್ಲ. ದಿನಕ್ಕೆ ನಾಲ್ಕು ಪುಟ ಬರೆಯುವವರ ಬೆರಳಿಗೆ ಅದರಿಂದ ರೂಢಿ ಹುಟ್ಟುವುದು ಕಷ್ಟ.

ಇನ್ನು ಗುಣ. ವ್ಯಂಜನದ ಸ್ವರ ತೆಗೆದು ಒತ್ತಕ್ಷರ ಕಟ್ಟುವ ಚಿಹ್ನೆಯಾದ ಹಲಂತ (್) ಎಫ್ ಕೀಲಿಯಲ್ಲಿದೆ, ಅಂದರೆ ಎಡ ತೋರುಬೆರಳು ಸದಾ ಕೂತಿರುವ, ಉಬ್ಬುಗೆರೆ ಇರುವ ಜಾಗದಲ್ಲಿ. ಒತ್ತಕ್ಷರ ತುಂಬಿರುವ ನಮ್ಮ ಭಾಷೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ‘ನ್ನ’ ಬರೆಯುವಾಗ ಎನ್ ಬಲಗೈಗೆ, ಎಫ್ ಎಡಗೈಗೆ, ಮತ್ತೆ ಎನ್ ಬಲಗೈಗೆ. ‘ಲ್ಲ’, ‘ಮ್ಮ’, ‘ಕ್ಕ’, ‘ಪ್ಪ’ ಎಲ್ಲವೂ ಹೀಗೇ. ಒಂದು ಕೈ ಒತ್ತುವಾಗ ಇನ್ನೊಂದು ಸಿದ್ಧವಾಗಿರುತ್ತದೆ. ‘ನನ್ನ’, ‘ಇಲ್ಲಿ’, ‘ಅಮ್ಮ’ ಬೇಗನೆ ತಾವಾಗಿ ಉರುಳತೊಡಗುತ್ತವೆ.

ದೋಷವೂ ಅದೇ ಕೀಲಿಯಿಂದ ಹುಟ್ಟುತ್ತದೆ. ಟಿ, ಆರ್, ಜಿ, ವಿ, ಬಿ ಐದೂ ಎಡ ತೋರುಬೆರಳಿನವೇ. ಹಾಗಾಗಿ ‘ತ್ತ’, ‘ತ್ರ’, ‘ಗ್ಗ’, ‘ಬ್ಬ’, ‘ವ್ವ’, ‘ರ್ಗ’ ಬರೆಯಲು ಒಂದೇ ಬೆರಳು ಮೂರು ಸಲ ಕುಣಿಯಬೇಕು. ಕನ್ನಡದಲ್ಲಿ ದಿನಕ್ಕೆ ನೂರು ಸಲ ಬರುವ ‘-ತ್ತದೆ’ ನೋಡಿ: ಟಿ, ಎಫ್, ಟಿ, ಡಿ, ಇ. ಮೊದಲ ಮೂರು ತೋರುಬೆರಳಿಗೆ, ಕೊನೆಯ ಎರಡು ನಡುಬೆರಳಿಗೆ, ಐದೂ ಎಡಗೈಗೆ. ಒಂದೇ ಬೆರಳಿನ ಒತ್ತುಗಳು ಒಂದರ ಮೇಲೊಂದು ಹಾಯಲಾರವು, ಆದ್ದರಿಂದ ಈ ಗೊಂಚಲು ಎಷ್ಟು ರೂಢಿಯಾದರೂ ‘ಲ್ಲಿ’ಯ ವೇಗಕ್ಕೆ ಬರುವುದಿಲ್ಲ. ಬರವಣಿಗೆಯ ನಡುವೆ ಎಡಗೈ ದಣಿಯುವುದಕ್ಕೆ ಮುಖ್ಯ ಕಾರಣ ಇದು. ಇನ್‌ಸ್ಕ್ರಿಪ್ಟ್ ಎಂಬ, ಭಾರತೀಯ ಲಿಪಿಗಳಿಗೆಲ್ಲ ಒಂದೇ ಆದ ಇನ್ನೊಂದು ವಿನ್ಯಾಸದಲ್ಲಿ ಸ್ವರಚಿಹ್ನೆ ಮತ್ತು ಹಲಂತ ಎಡಗೈಗೆ, ವ್ಯಂಜನಗಳಲ್ಲಿ ಬಹುಪಾಲು ಬಲಗೈಗೆ. ಅಲ್ಲಿ ‘ತ್ತ’ ಕೈಯಿಂದ ಕೈಗೆ ಸಲೀಸಾಗಿ ಹೋಗುತ್ತದೆ. ಈ ಅಂಶದಲ್ಲಿ ಇನ್‌ಸ್ಕ್ರಿಪ್ಟ್ ಮೇಲು, ಅನುಮಾನವೇ ಇಲ್ಲ.

ಎರಡನೆಯ ತೊಡಕು ಶಿಫ್ಟ್. ದೀರ್ಘ ‘ಾ’, ಅನುಸ್ವಾರ, ‘ಳ’, ‘ಣ’, ‘ಶ’ ಎಲ್ಲಕ್ಕೂ ಅದು ಬೇಕು. ನಿಯಮ ಒಂದೇ: ಅಕ್ಷರ ಯಾವ ಕೈಯದೋ ಶಿಫ್ಟ್ ಅದರ ಎದುರಿನ ಕೈಯದು. ‘ಾ’ಗೆ ಬಲ ಶಿಫ್ಟ್, ಅನುಸ್ವಾರಕ್ಕೆ ಎಡ ಶಿಫ್ಟ್. ಎಲ್ಲಕ್ಕೂ ಎಡ ಶಿಫ್ಟನ್ನೇ ಒತ್ತುವ ಚಾಳಿ ಒಮ್ಮೆ ಅಂಟಿದರೆ ‘ಮಾಡು’ ಬರೆಯುವಾಗ ಕೈ ಪ್ರತಿ ಸಲ ಮುದುಡುತ್ತದೆ, ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟ. ‘ಗಳಲ್ಲಿ’ ಎಂಬಲ್ಲಿ ಶಿಫ್ಟ್ ಬಿಡುವುದು ತಡವಾದರೆ ‘ಗಳಳ್ಲಿ’, ಒತ್ತುವುದು ತಡವಾದರೆ ‘ಗಲಲ್ಲಿ’. ಇದು ಕಾಗುಣಿತದ ತಪ್ಪಲ್ಲ, ಎರಡು ಕೈಗಳ ಗಳಿಗೆ ತಪ್ಪುವುದು. ವೇಗ ತಗ್ಗಿಸಿ ಹತ್ತು ಸಲ ಬರೆದರೆ ಸರಿಹೋಗುತ್ತದೆ.

ಇಂಗ್ಲಿಷ್ ಟೈಪಿಂಗ್ ಬಲ್ಲವರಿಗೆ ಕೆ, ಎನ್, ಎಂ, ಎಲ್ ಪುಕ್ಕಟೆಯಾಗಿ ಬರುತ್ತವೆ. ಕಾಡುವುದು ಟ ಮತ್ತು ಡ. ಅವು ಕ್ಯೂ, ಡಬ್ಲ್ಯೂಗಳಲ್ಲಿವೆ, ಕಿವಿ ಮಾತ್ರ ಟಿ, ಡಿ ಎನ್ನುತ್ತದೆ. ಅವಸರದಲ್ಲಿ ‘ಡಾಕ್ಟರ್’ ಹೋಗಿ ‘ದಾಕ್ತರ್’ ಬರುತ್ತದೆ. ಹಳೆಯ ರೂಢಿ ಅಳಿಯುವುದಿಲ್ಲ, ಹೊಸದು ಅದರ ಪಕ್ಕದಲ್ಲಿ ಬೆಳೆಯುತ್ತದೆ. ಮೊದಲ ಕೆಲವು ವಾರ ಈ ಎರಡು ಕೀಲಿಗಳಿಗೇ ಪ್ರತ್ಯೇಕ ಪದಪಟ್ಟಿ ಇಟ್ಟುಕೊಳ್ಳುವುದು ಲೇಸು.

ಲಿನಕ್ಸ್ ಬಳಸುವವರು ಗಮನಿಸಿ: ಅಲ್ಲಿನ ಅಂತರ್ನಿರ್ಮಿತ ಕಗಪ ಮತ್ತು ಹಲವು ಭಾಷೆಗಳ ಟೈಪಿಂಗ್ ಒದಗಿಸುವ ತಂತ್ರಾಂಶವಾದ ಐಬಸ್‌ನಲ್ಲಿ ಸಿಗುವ ಎಂ17ಎನ್ ಕೆಜಿಪಿ ಒಂದೇ ಅಲ್ಲ. ಎರಡನೆಯದರಲ್ಲಿ, ನುಡಿಯ ಹಾಗೆ, ಐ ಕೀಲಿ ಪದದ ಮೊದಲಿಗೆ ‘ಇ’ ಆಗಿ, ವ್ಯಂಜನದ ನಂತರ ಗುಣಿತಚಿಹ್ನೆಯಾಗಿ ಬೀಳುತ್ತದೆ. ಮೊದಲನೆಯದರಲ್ಲಿ ಬಿಡಿ ‘ಇ’ಗೆ ಬಲ ಆಲ್ಟ್ ಸೇರಿಸಬೇಕು. ಕಚೇರಿಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಬಳಸಿದರೆ ಸ್ವರಗಳ ಗೊಂಚಲು ಎಲ್ಲಿಯೂ ಗಟ್ಟಿಯಾಗದು.

ಅಭ್ಯಾಸಕ್ಕೆ ದಿನಕ್ಕೊಂದು ಗಂಟೆ ಮೀರದಿರಲಿ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸುವಾಗ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಇದನ್ನು ಅಳೆದು 1978ರಲ್ಲಿ ಪ್ರಕಟಿಸಿದರು: ದಿನಕ್ಕೆ ಒಂದೇ ಗಂಟೆ ಕಲಿತವರು, ನಾಲ್ಕು ಗಂಟೆ ಕಲಿತವರಿಗಿಂತ ಕಡಿಮೆ ಒಟ್ಟು ಗಂಟೆಗಳಲ್ಲಿ ಅದೇ ಮಟ್ಟ ಮುಟ್ಟಿದರು. ದಿನಗಳು ಹೆಚ್ಚು ಹಿಡಿದದ್ದರಿಂದ ಅವರಿಗೇ ಸಮಾಧಾನ ಕಡಿಮೆ ಇತ್ತು, ಅದು ಬೇರೆ ಮಾತು. ಮೊದಲ ಐದು ದಿನ ನಡುಸಾಲು ಮಾತ್ರ: ಹಗ್ಗ, ಕಗ್ಗ, ಸಹಜ, ಅಗಲ, ಗದ್ದಲ, ಸಕಾಲ. ಆಮೇಲೆ ಎನ್, ಎಂ, ಯು, ಐ ಸೇರಿಸಿ. ಮೂರನೆಯ ವಾರದಿಂದ ಬಿಡಿ ಅಕ್ಷರ ಬಿಟ್ಟು ಬಾಲಗಳನ್ನೇ ಹಿಡಿಯಿರಿ: ‘-ಗಳನ್ನು’, ‘-ಗಳಲ್ಲಿ’, ‘-ುತ್ತದೆ’, ‘-ಇದ್ದರು’. ನೂರು ಒತ್ತಿಗೆ ಮೂರಕ್ಕಿಂತ ಹೆಚ್ಚು ತಪ್ಪು ಬಿದ್ದರೆ ವೇಗ ಇಳಿಸಿ; ತಪ್ಪು ಸರಣಿಯೂ ಸರಿಯಾದದ್ದರಷ್ಟೇ ನಿಷ್ಠೆಯಿಂದ ಕಟ್ಟಿಕೊಳ್ಳುತ್ತದೆ. ತಪ್ಪಿದಾಗ ಬ್ಯಾಕ್‌ಸ್ಪೇಸ್‌ನಿಂದ ಅರ್ಧ ಒತ್ತಕ್ಷರ ಕೆರೆಯುತ್ತಾ ಕೂರಬೇಡಿ. ಅದು ‘ನ್ನ’ದ ಕೊನೆಯ ನ ಮಾತ್ರ ತೆಗೆದು ‘ನ್’ ಉಳಿಸುತ್ತದೆ. ಕಂಟ್ರೋಲ್ ಜೊತೆ ಒತ್ತಿ ಇಡೀ ಪದ ಅಳಿಸಿ, ಮೊದಲಿನಿಂದ ಬರೆಯಿರಿ.

ಇಂಗ್ಲಿಷ್ ಟೈಪಿಂಗ್ ಕೈಗೆ ಬಂದವರಿಗೆ ಕಗಪವನ್ನೇ ಹೇಳುತ್ತೇವೆ. ಯಾವ ಕೀಲಿಮಣೆಯನ್ನೂ ಕಲಿಯದ, ಮುಂದೆ ಹಿಂದಿಯನ್ನೋ ತೆಲುಗನ್ನೋ ಬರೆಯಬೇಕಾದವರಿಗೆ ಇನ್‌ಸ್ಕ್ರಿಪ್ಟ್ ವಾಸಿ: ಕ ಎಲ್ಲ ಲಿಪಿಗಳಲ್ಲೂ ಅದೇ ಜಾಗದಲ್ಲಿರುತ್ತದೆ.