ಬಿಡದ ಏಟ್ರಿಯಲ್ ಫಿಬ್ರಿಲೇಷನ್: ಅಭಿಧಮನಿ ಮಾತ್ರವೋ, ಗೆರೆಗಳೂ ಬೇಕೋ?

ಏಟ್ರಿಯಲ್ ಫಿಬ್ರಿಲೇಷನ್ ಎಂದರೆ ಹೃದಯದ ಮೇಲಿನ ಕೋಣೆಗಳು (ಹೃತ್ಕರ್ಣಗಳು) ಲಯ ತಪ್ಪಿ ಅದುರುವುದು. ಏಳು ದಿನ ದಾಟಿದರೂ ನಿಲ್ಲದ ಫಿಬ್ರಿಲೇಷನ್‌ಗೆ ಅಬ್ಲೇಷನ್ ಚಿಕಿತ್ಸೆಯಲ್ಲಿ ಶ್ವಾಸಕೋಶದ ಅಭಿಧಮನಿಗಳ ಬಾಯಿಯನ್ನಷ್ಟೇ ಸುತ್ತಲೂ ಸುಟ್ಟು, ವಿದ್ಯುತ್ ಸಂಕೇತ ದಾಟದಂತೆ ಬೇರ್ಪಡಿಸಬಹುದು. ಎಡ ಹೃತ್ಕರ್ಣದಲ್ಲಿ ಹೀಗೆಯೇ ಸುಟ್ಟು ಹೆಚ್ಚುವರಿ ಗೆರೆಗಳನ್ನೂ ಎಳೆಯಬಹುದು. 2015ರ ಸ್ಟಾರ್ ಎಎಫ್ 2 ಅಧ್ಯಯನದಲ್ಲಿ 18 ತಿಂಗಳ ಬಳಿಕ ಫಿಬ್ರಿಲೇಷನ್ ಮರುಕಳಿಸದವರು ಮೊದಲ ಗುಂಪಿನಲ್ಲಿ ಶೇ. 59, ಗೆರೆ ಸೇರಿಸಿದವರಲ್ಲಿ ಶೇ. 46. ಸಂಖ್ಯಾಶಾಸ್ತ್ರದ ಪ್ರಕಾರ ಈ ಅಂತರ ಖಚಿತವಲ್ಲ. ಗೆರೆಯಿಂದ ಲಾಭವಂತೂ ಕಾಣಲಿಲ್ಲ. ಗೆರೆಯಲ್ಲಿ ಸಣ್ಣ ಸಂದು ಉಳಿದರೂ ಅದರ ಸುತ್ತ ಫ್ಲಟರ್ (ವೇಗದ ಇನ್ನೊಂದು ಲಯದೋಷ) ಶುರುವಾಗಬಹುದು. ಮೊದಲ ಸಲಕ್ಕೆ ಅಭಿಧಮನಿಯೇ ಸಾಕು.

ಅಬ್ಲೇಷನ್ ವಿಧಾನಗಳ ಪೈಕಿ ಅತಿ ಶೀತದ ಕ್ರಯೋ ಬಲೂನಿನಲ್ಲಿ ವಪೆಯ ನರಕ್ಕೆ ಪೆಟ್ಟಾಗುವ ಭಯ, ಶಾಖ ಬಳಸುವ ರೇಡಿಯೋಫ್ರೀಕ್ವೆನ್ಸಿಯಲ್ಲಿ ಅನ್ನನಾಳದ್ದು. ಕ್ಷಣಮಾತ್ರದ ವಿದ್ಯುತ್ ಮಿಡಿತ ಬಳಸುವ ಪಲ್ಸ್ಡ್ ಫೀಲ್ಡ್ ಅನ್ನನಾಳವನ್ನು ಹೆಚ್ಚುಕಡಿಮೆ ಬಿಟ್ಟುಬಿಡುತ್ತದೆ.

ತೀರ್ಥಹಳ್ಳಿ, ಹೊಸನಗರ ಕಡೆಯವರು ಗಮನಿಸಿ: ಶಾಖದ ಅಬ್ಲೇಷನ್ ಆದ ಎರಡು ತಿಂಗಳೊಳಗೆ ಜ್ವರ, ನುಂಗುವಾಗ ನೋವು ಬಂದರೆ ಮಂಗನ ಕಾಯಿಲೆ ಇರಬಹುದೆಂದು ಕಾಯಬೇಡಿ. ಅನ್ನನಾಳ ತೂತಾಗಿರಬಹುದು. ಎಂಡೋಸ್ಕೋಪಿ ಬೇಡ, ತಕ್ಷಣ ಎದೆಯ ಸಿ.ಟಿ. ಮಾಡಿಸಿ.