24 ಗಂಟೆಯ ನಿಕೋಟಿನ್ ಪ್ಯಾಚ್: ಹಗಲಿಗೆ ಸೈ, ರಾತ್ರಿಗೆ ಕಾಟ

ಚರ್ಮಕ್ಕೆ ಅಂಟಿಸಿಕೊಂಡರೆ ದಿನವಿಡೀ ನಿಧಾನವಾಗಿ ನಿಕೋಟಿನ್ ಒಳಗಿಳಿಸುವ ಪಟ್ಟಿ ಇದು; ಸಿಗರೇಟು ಬಿಡುವವರಿಗೆ ನಂಬಿಕಸ್ಥ ಪ್ಯಾಚೇ. ದಿನಕ್ಕೆ 10ಕ್ಕಿಂತ ಹೆಚ್ಚು ಸೇದುತ್ತಿದ್ದರೆ 21 ಮಿಲಿಗ್ರಾಂ, ಆಮೇಲೆ 14, ಕೊನೆಗೆ 7.

ತಕರಾರಿರುವುದು ರಾತ್ರಿಯದ್ದು. ಸೇದುವವರ ರಕ್ತದಲ್ಲಿ ನಿದ್ದೆಯ ಹೊತ್ತಿಗೆ ನಿಕೋಟಿನ್ ಇಳಿಯುತ್ತಾ ಹೋಗುತ್ತದೆ; ಪ್ಯಾಚ್ ಮಾತ್ರ ಬೆಳಗಿನವರೆಗೂ ಒಳಗಿಳಿಸುತ್ತಲೇ ಇರುತ್ತದೆ. ಹಾಗಾಗಿ ಕನಸುಗಳು ಕಣ್ಣಿಗೆ ಕಟ್ಟಿದಂತೆ, ಕೆಲವೊಮ್ಮೆ ಬೆಚ್ಚಿಬೀಳಿಸುವಂತೆ ಬರುತ್ತವೆ. ಮಲಗುವ ಮುನ್ನ ಕಿತ್ತುಬಿಡಿ. ಚರ್ಮದಲ್ಲಿ ಉಳಿದದ್ದು ಆಮೇಲೂ ಸ್ವಲ್ಪ ಹೊತ್ತು ರಕ್ತಕ್ಕಿಳಿಯುವುದರಿಂದ ತುಸು ಮೊದಲೇ ತೆಗೆದರೆ ವಾಸಿ. ಎದ್ದ ಕೂಡಲೇ ಸೇದುವ ಸೆಳೆತ ಜೋರಾಗಬಹುದು. ಅದಕ್ಕೆ ನಿಕೋಟಿನ್ ಚೂಯಿಂಗ್ ಗಮ್ ಇದೆ. ಹೊಸ ಪ್ಯಾಚನ್ನು ಬೇರೆ ಜಾಗದಲ್ಲಿ, ಒಣ ಚರ್ಮಕ್ಕೆ 10 ಸೆಕೆಂಡು ಒತ್ತಿ ಹಿಡಿಯಿರಿ.

ಕಿತ್ತರೂ ಕನಸು ನಿಲ್ಲದಿದ್ದರೆ ಪ್ಯಾಚನ್ನೇ ದೂರಬೇಡಿ. ಧೂಮಪಾನ ಬಿಟ್ಟಾಗ ಪ್ಯಾಚಿಲ್ಲದವರಿಗೂ ಹೀಗಾಗುವುದುಂಟು. ಪ್ಯಾಚಿನಿಂದಲೇ ಕನಸಿನ ಕಾಟವಿರುವವರಿಗೆ, ಹಗಲಷ್ಟೇ ಹಾಕಿ ಮಲಗುವಾಗ ತೆಗೆಯುವ 16 ಗಂಟೆಯ ಪ್ಯಾಚೇ ಮೇಲು.